ತಪ್ಪು ತೋರಿಸುವ ಜಡೆ

ಸಂತೆಬಾಚಹಳ್ಳಿ ಹೋಬಳಿಯ ಕಡೆ ಹೊರಟವನು ಮೊದಲು ಕೆ.ಆರ್.ಪೇಟೆ ಪಕ್ಕದ ಹೊಸಹೊಳಲಿಗೆ ಹೋದೆ. ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯ 13ನೇ ಶತಮಾನದ ಹೊಯ್ಸಳ ತ್ರಿಕೂಟ. ಹೊರಗೋಡೆಯಲ್ಲಿ ರಾಮಾಯಣದ ಸಾಲು ನೋಡುತ್ತ ಸುತ್ತುವಾಗ, ಇಷ್ಟು ಕೈಗಳು ಕೂಡಿ ಕೆತ್ತುವಾಗ ಎಷ್ಟು ವಾದ ನಡೆದಿರಬೇಕು ಅನ್ನಿಸಿತು. ಕಲ್ಲು ಆ ಮಾತನ್ನು ಉಳಿಸಿಕೊಂಡಿಲ್ಲ. ಅಂಥದ್ದನ್ನು ಕಿವಿಯಾರೆ ಕೇಳುವ ಭಾಗ್ಯ ಅದೇ ರಾತ್ರಿ ಹೋಬಳಿಯ ಒಂದು ಊರಿನ ಕೋಲಾಟದ ತಾಲೀಮಿನಲ್ಲಿ ಸಿಕ್ಕಿತು.

ಮಂಡ್ಯದ ಕಡೆ ಪೂಜಾ ಕುಣಿತ, ಪಟ ಕುಣಿತ ಎಲ್ಲ ಉಂಟು. ನನ್ನನ್ನು ಬೆರಗುಗೊಳಿಸಿದ್ದು ಜಡೆ ಕೋಲಾಟ. ಗುಡಿಯ ಮುಂದೆ ಕಂಬ, ಅದರ ತುದಿಯಿಂದ ಇಳಿಬಿಟ್ಟ ಎಂಟು ಬಣ್ಣದ ಹಗ್ಗ, ಹಿಡಿಯಲು ಎಂಟು ಮಂದಿ. ನಾಲ್ವರು ಬಲಕ್ಕೆ, ನಾಲ್ವರು ಎಡಕ್ಕೆ. ಎದುರಾದವನನ್ನು ಒಮ್ಮೆ ಒಳಗಿನಿಂದ, ಮುಂದಿನವನನ್ನು ಹೊರಗಿನಿಂದ ದಾಟುತ್ತ ಕೋಲು ಹಾಕಿದರೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಬಿಚ್ಚಬೇಕಾದರೆ ಅದೇ ಹೆಜ್ಜೆಗಳನ್ನು ಹಿಂದುಮುಂದಾಗಿ ಕುಣಿಯಬೇಕು. ಯುರೋಪಿನ ಹಳ್ಳಿಗಳಲ್ಲೂ ಮೇಪೋಲ್ ಸುತ್ತ ಹೀಗೇ ಪಟ್ಟಿ ಹೆಣೆಯುತ್ತಾರೆ.

ಅರ್ಧ ಜಡೆ ಆಗಿತ್ತು, ತಾಳದ ಯಜಮಾನರು ಕೈ ಎತ್ತಿದರು.

“ನಿಲ್ಸ್ರಲಾ! ಯಾರೋ ಎರಡ್ ಸಲ ಹೊರಗಿಂದ್ಲೇ ಹೋಗವ್ರೆ.”

“ನಾನಲ್ಲ ಕಣಣ್ಣ.”

“ನೀನು ಅಂತ ನಾನಂದ್ನೇನ್ಲಾ? ಜಡೆ ಹೇಳ್ತೈತೆ, ನೋಡು.”

ತಲೆ ಎತ್ತಿದೆ. ಹೆಣಿಗೆಯ ನಡುವೆ ಕೆಂಪು ಹಗ್ಗ ಒಂದೆಡೆ ಉದ್ದಕ್ಕೆ ಎದ್ದು ಕಾಣುತ್ತಿತ್ತು. ಎಂಥ ಸೋಜಿಗ! ಕುಣಿತ ನಿಲ್ಲಿಸಿದ ಮೇಲೂ ತಪ್ಪು ಗಾಳಿಗೆ ಹೋಗದೆ ಕಂಬದ ಮೇಲೆ ನಿಂತಿತ್ತು. ಆದರೆ ಅದು ಹೇಗಾಯಿತೆಂದು ಒಬ್ಬರೇ ಹೇಳಲಾರರು. ಸುತ್ತಿನಲ್ಲಿರುವವನಿಗೆ ಕಾಣುವುದು ತನ್ನೆದುರಿನವನ ಕೋಲು ಮಾತ್ರ. ಕಂಬದಾಚೆ ನಡೆದದ್ದು ಕಾಣದು. ಹಾಗಾಗಿ ಎಂಟೂ ಮಂದಿ ಬಾಯಿ ಬಿಡಲೇಬೇಕು. ಬಿಟ್ಟರು ಕೂಡ, ಒಟ್ಟಿಗೇ. ಕೊನೆಗೆ ಆ ತಪ್ಪಿನವರೆಗೂ ಹಿಂದಕ್ಕೆ ಕುಣಿದು ಬಿಚ್ಚಿ, ಅಲ್ಲಿಂದ ಮತ್ತೆ ಹೆಣೆದರು.

ಆಮೇಲಿನದು ಇನ್ನೂ ಚೆಂದ. ದಾಟುವಾಗ ಕೂತು ಕೋಲು ಹಾಕಿದರೆ ಹೇಗೆ ಎಂದ ಒಬ್ಬ ಹುಡುಗ. ಹೊಸ ಕೋಪು, ಅಂದರೆ ಕುಣಿತದ ಹೊಸ ವಿನ್ಯಾಸ! “ಕೂತ್ರೆ ಹಗ್ಗ ಎಳೀತದೆ ಕಣ್ಲಾ” ಎಂದರು ಒಬ್ಬರು. “ಹಂಗಾದ್ರೆ ಒಂದೆಜ್ಜೆ ಒಳೀಕೆ ಬರಾಣ ಮಾವ.” “ಬಂದ್ರೆ ಪದ ಎಲ್ಲಿ ನಿಲ್ತದೆ?” ಎಂದು ಹಾಡುವವರ ತಕರಾರು. ಯಜಮಾನರು ಮಣ್ಣಿನಲ್ಲಿ ಎಂಟು ಕಡ್ಡಿ ನೆಟ್ಟು ಸುತ್ತು ತೋರಿಸಿದರು. ಪಲ್ಲವಿಯನ್ನು ಎರಡು ಸಲ ಹೇಳುವುದೆಂದು ತೀರ್ಮಾನವಾಯಿತು. ಕುಣಿದಾಗ ಎಂಟು ಮಂದಿ ಒಳಕ್ಕೆ ಸರಿದು ಕೂತು, ಎದ್ದು ಹೊರಕ್ಕೆ ಸರಿಯುವಾಗ ಇಡೀ ಸುತ್ತೇ ಉಸಿರಾಡಿದಂತಾಯಿತು. ಹಗ್ಗದ ಎಳೆತಕ್ಕೆ ಹೆದರಿ ಹುಡುಕಿದ ಆ ಒಂದು ಹೆಜ್ಜೆಯೇ ಕುಣಿತದ ಚೆಲುವಾಯಿತು. ಹುಡುಗನ ಮನಸ್ಸಿನಲ್ಲಿ ಅದಿರಲಿಲ್ಲ, ಯಜಮಾನರ ತಲೆಯಲ್ಲೂ ಇರಲಿಲ್ಲ.

ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ಇಂಥ ಚರ್ಚೆಗೆಂದೇ ನಾಲ್ಕು ಹಂತದ ಒಂದು ಕ್ರಮ ಕಟ್ಟಿದರು. ಅದರಲ್ಲಿ ನೋಡಿದವರು ಮೊದಲು ಮನಸ್ಸಿಗೆ ತಟ್ಟಿದ್ದನ್ನು ಹೇಳುತ್ತಾರೆ, ಆಮೇಲೆ ಕಲಾವಿದರ ಪ್ರಶ್ನೆ, ನಂತರ ನೋಡಿದವರ ಪ್ರಶ್ನೆ. ಅಭಿಪ್ರಾಯ ಕೊನೆಗೆ, ಅದೂ ಅನುಮತಿ ಕೇಳಿ. ಒಳ್ಳೆಯ ಶಿಸ್ತು. ಈ ಗುಡಿಯ ಮುಂದೆ ಅನುಮತಿ ಕೇಳಿದ್ದರೆ ನಕ್ಕುಬಿಡುತ್ತಿದ್ದರು! ಆದರೂ ನನಗೆ ಹಿಡಿಸಿದ್ದು ಈ ತಾಲೀಮಿನ ದಾರಿಯೇ: ಇಲ್ಲಿ ಬೈಗುಳ ಬೀಳುವುದು ಜಡೆಗೆ, ಆದ್ದರಿಂದ ಯಾರಿಗೂ ನೋವಿಲ್ಲ.

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಬಳಿ ಇದೆ. ಹಳ್ಳಿಯ ಕಲೆಗಳನ್ನು ಒಂದೇ ಕಡೆ ಕಾಣಲು ಅಲ್ಲಿಗೆ ಹೋಗಲೇಬೇಕು. ಆದರೆ ಕುಣಿತ ಹುಟ್ಟುವುದನ್ನು ಕಾಣಬೇಕಿದ್ದರೆ ಈ ಸೀಮೆಯಲ್ಲಿ ಹಬ್ಬಕ್ಕೆ ಮುಂಚಿನ ತಾಲೀಮಿಗೆ ಬನ್ನಿ. ಯಜಮಾನರು ನಿಮ್ಮನ್ನೂ “ಏನ್ ಕಂಡ್ತು?” ಅಂತ ಕೇಳುತ್ತಾರೆ. ಮುಲಾಜು ನೋಡದೆ ಕಂಡದ್ದನ್ನು ಹೇಳಿ.