ಹೊಟ್ಟೆಯ ಭಾರ, ತೋಳಿನ ಬಡತನ

ಗಟ್ಟು ಊರಿನ ನೇಕಾರರ ಬದುಕು ಕೈಕಾಲುಗಳ ಬಲವನ್ನೇ ನಂಬಿದೆ. ಕುಣಿಮಗ್ಗದೊಳಗೆ ಇಳಿಬಿಟ್ಟ ಕಾಲು ಹಲಗೆಯನ್ನು ತುಳಿಯುತ್ತದೆ, ಕೈ ಲಾಳಿಯನ್ನು ಓಡಿಸುತ್ತದೆ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿ ಗದ್ವಾಲ ಸೀರೆಯಾಗುತ್ತದೆ. ಇಂಥ ಮನೆಯ ಹಿರಿಯನಿಗೆ ಯಕೃತ್ತಿನ ದೀರ್ಘವ್ಯಾಧಿ ತಗಲಿದರೆ ಎಲ್ಲರ ಕಣ್ಣೂ ಉಬ್ಬಿದ ಹೊಟ್ಟೆಯ ಮೇಲೆ ನಿಲ್ಲುತ್ತದೆ. ಸೊರಗುತ್ತಿರುವ ತೋಳುತೊಡೆಗಳನ್ನು ಗಮನಿಸುವವರು ವಿರಳ. ಹೊಟ್ಟೆಯಲ್ಲಿ ತುಂಬಿದ ನೀರು ತೂಕವನ್ನು ಇಳಿಯಗೊಡದ ಕಾರಣ ತೂಕದ ಯಂತ್ರವೂ ನಿಜ ಹೇಳುವುದಿಲ್ಲ.

ಮಾಂಸಖಂಡಗಳ ಈ ಸವೆತವನ್ನು ವೈದ್ಯರು ಸಾರ್ಕೊಪೀನಿಯಾ ಎನ್ನುತ್ತಾರೆ; ಗ್ರೀಕ್ ಮೂಲದ ಈ ಪದಕ್ಕೆ ಮಾಂಸದ ಬಡತನವೆಂದೇ ಅರ್ಥ. ಆರೋಗ್ಯವಂತ ಯಕೃತ್ತು ಹಗಲಿನ ಊಟದ ಸಕ್ಕರೆಯನ್ನು ಕೂಡಿಟ್ಟು ರಾತ್ರಿ ದೇಹಕ್ಕೆ ಹಂಚುತ್ತದೆ. ಸಿರೋಸಿಸ್‌ನಿಂದ ಗಂಟುಗಟ್ಟಿದ ಯಕೃತ್ತಿನಲ್ಲಿ ಆ ಕಣಜ ಬಹುಬೇಗ ಬರಿದಾಗುತ್ತದೆ. ಆರೋಗ್ಯವಂತನು ಎರಡು ಮೂರು ದಿನ ಉಪವಾಸವಿದ್ದಾಗ ಬರುವ ಸ್ಥಿತಿ ರೋಗಿಗೆ ಒಂದೇ ರಾತ್ರಿಯಲ್ಲಿ ಒದಗಿ, ದೇಹವು ತನ್ನ ಮಾಂಸವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಯಕೃತ್ತು ಸೋತಾಗ ರಕ್ತದಲ್ಲಿನ ಅಮೋನಿಯಾದ ಒಂದು ಪಾಲನ್ನು ಮಾಂಸಖಂಡಗಳೇ ಹೀರಿ ನಿರ್ವಿಷಗೊಳಿಸುತ್ತವೆ. ಅವೂ ಕರಗಿದರೆ ಆ ವಿಷ ಮಿದುಳನ್ನು ಮುಟ್ಟಿ ಮರೆವು, ಮಂಪರು ಕವಿಯುತ್ತವೆ. ಸೋಂಕುಗಳು ಹೆಚ್ಚುತ್ತವೆ, ಯಕೃತ್ತಿನ ಕಸಿಯಾದರೂ ಚೇತರಿಕೆ ನಿಧಾನ. ಮಾಂಸಬಲ ಕುಗ್ಗಿದ ಸಿರೋಸಿಸ್ ರೋಗಿಗಳಲ್ಲಿ ಸಾವಿನ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು.

ಇಲ್ಲಿಯೇ ಮನೆಯವರ ಅಕ್ಕರೆ ದಾರಿ ತಪ್ಪುವುದು. ಪಥ್ಯವೆಂದು ಬೇಳೆ, ಮೊಸರು, ತತ್ತಿ ಬಿಡಿಸಿ ಬರಿಯ ಗಂಜಿ ಕೊಡುತ್ತಾರೆ. ಅದರ ಮೇಲೆ ಶನಿವಾರದ ಒಪ್ಪತ್ತು. ಒಂದು ಕಾಲಕ್ಕೆ ವೈದ್ಯರೂ ಪ್ರೋಟೀನನ್ನು ಕಡಿಮೆ ಮಾಡಿಸುತ್ತಿದ್ದುದುಂಟು. ಇಂದಿನ ವೈದ್ಯಶಾಸ್ತ್ರ ಅದನ್ನು ಕೈಬಿಟ್ಟಿದೆ. ನೀರಿನ ಭಾರ ಕಳೆದು ಉಳಿಯುವ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋದವನಿಗೆ ಅದು 60ರಿಂದ 75 ಗ್ರಾಂ. ತೊಗರಿಬೇಳೆ, ಶೇಂಗಾ, ಮೊಸರು, ತತ್ತಿ ಈ ಸೀಮೆಗೆ ಹೊಸವಲ್ಲ. ಹಗಲಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣುವುದು, ಮಲಗುವ ಮುನ್ನ ರೊಟ್ಟಿ-ಬೇಳೆಯಂಥ ಒಂದು ತುತ್ತು ತಿನ್ನುವುದು ಆ ಇರುಳಿನ ಉಪವಾಸವನ್ನು ಮುರಿಯುತ್ತವೆ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ತಗ್ಗಬೇಕು. ಸೇಂದಿ, ಸಾರಾಯಿ ಪೂರ್ತಿ ನಿಲ್ಲಬೇಕು. ವೈದ್ಯರು ಒಪ್ಪಿದಷ್ಟು ನಡಿಗೆಯೂ ಬೇಕು, ಏಕೆಂದರೆ ದುಡಿಸದ ಮಾಂಸಖಂಡ ಉಂಡದ್ದನ್ನು ಉಳಿಸಿಕೊಳ್ಳದು.

ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ವೈದ್ಯರು ಬಲವನ್ನು ಅಳೆಯುವ ಒಂದು ಪರೀಕ್ಷೆ. ಅಜ್ಜ ಈಗೀಗ ಗೋಡೆ ಹಿಡಿಯದೆ ಏಳಲಾರನೆಂಬುದನ್ನು ಶಾಲೆಗೆ ಹೋಗುವ ಮಗುವೂ ಕಾಣಬಲ್ಲದು. ಆ ಮಾತನ್ನು ಮುಪ್ಪೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸುವುದು ಹಿರಿಯರ ಕೆಲಸ.