ಕಡಲ್ಗಳ್ಳರೂ ಕಮಲಾಪುರವೂ

ಕಲಬುರಗಿಯ ಹುಡುಗರಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ಕಡಿಮೆ. ನಾನೇ ಮೊದಲ ಸಲ ಕಂಡದ್ದು ಮೂವತ್ತು ದಾಟಿದ ಮೇಲೆ. ಹೀಗಿರುವಾಗ ಕಡಲ್ಗಳ್ಳರ ವಿಚಾರ ನಿಮಗ್ಯಾಕೆ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಎರಡು ಉತ್ತರಗಳಿವೆ. ಒಂದು, ನನ್ನ ತಂಗಿಯ ಮಗ. ಇನ್ನೊಂದು, ತೊಗರಿ ಬೇಳೆ.

ತೊಗರಿಯದು ಮೊದಲು ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆ ತೊಗರಿಯ ಕಣಜ ಅನ್ನುವುದು ನಿಮಗೆ ಗೊತ್ತು. ಆದರೂ ದೇಶಕ್ಕೆ ಬೇಕಾದಷ್ಟು ತೊಗರಿ ದೇಶದಲ್ಲೇ ಬೆಳೆಯುವುದಿಲ್ಲ. ಆಫ್ರಿಕಾದ ಮೊಜಾಂಬಿಕ್, ತಾಂಜಾನಿಯಾ, ಮಲಾವಿ, ಈ ಕಡೆ ಮ್ಯಾನ್ಮಾರ್‌ನಿಂದ ಹಡಗಿನಲ್ಲಿ ಬರುತ್ತದೆ. ಮೊಜಾಂಬಿಕ್ ಜೊತೆ 2016ರಲ್ಲಿ ನಮ್ಮ ಸರ್ಕಾರ ತೊಗರಿಗೆಂದೇ ಒಪ್ಪಂದ ಮಾಡಿಕೊಂಡಿತು. ಆ ಹಡಗು ಬಂತೆಂದರೆ ನಮ್ಮ ಮಾರುಕಟ್ಟೆಯಲ್ಲಿ ದರ ಇಳಿಯುತ್ತದೆ, ರೈತರು ಮುಖ ಸಿಂಡರಿಸುತ್ತಾರೆ. ಅದು ಬೇರೆ ಜಗಳ, ಇಲ್ಲಿ ಬೇಡ. ಹಿಂದೂ ಮಹಾಸಾಗರದ ದಾರಿ ಕೆಟ್ಟರೆ ಬಯಲುಸೀಮೆಯ ಗಂಗಾಳಕ್ಕೂ ಅದು ತಟ್ಟುತ್ತದೆ ಅನ್ನುವುದಷ್ಟೇ ನನ್ನ ಮಾತು.

ಇನ್ನು ತಂಗಿಯ ಮಗ. ಅವಳನ್ನು ಕೊಟ್ಟದ್ದು ಕಮಲಾಪುರಕ್ಕೆ. ಕೆಂಪು ಬಾಳೆಹಣ್ಣಿನ ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಒಂದು ತಾಸಿನ ಬಸ್ ಪ್ರಯಾಣ. ಮನೆಯಲ್ಲಿ ಎಲ್ಲರೂ ಹೊಲ, ತೋಟ ನೋಡಿಕೊಂಡವರೇ. ಇವನೊಬ್ಬ ಮಾತ್ರ ಡಿಪ್ಲೊಮಾ ಮುಗಿಸಿ ಹಡಗಿನ ಎಂಜಿನ್ ಕೋಣೆಗೆ ಸೇರಿದ. 2011ರಲ್ಲಿ ಅವನ ಹಡಗು ಏಡನ್ ಕೊಲ್ಲಿ ದಾಟಿ ಸೂಯೆಜ್ ಕಡೆ ಹೋಗುತ್ತಿತ್ತು. ಆ ದಿನಗಳಲ್ಲಿ ಅವನ ಫೋನು ಬರುತ್ತಿರಲಿಲ್ಲ. ತಂಗಿ ದಿನಾ ಸಂಜೆ ನನಗೆ ಫೋನು ಮಾಡಿ ಒಂದೇ ಮಾತು ಕೇಳುತ್ತಿದ್ದಳು: "ಅಣ್ಣಾ, ಹಡಗ ಆ ಕಳ್ಳರ ದಾರಿ ದಾಟ್ಯಾದೇನು?" ನನಗೇನು ಗೊತ್ತು? ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಓದಿ ಅವಳಿಗೆ ಹೇಳುವುದು ನನ್ನ ಕೆಲಸವಾಯಿತು. ಈ ವಿಷಯದ ಮೇಲೆ ನನಗೆ ಆಸಕ್ತಿ ಹುಟ್ಟಿದ್ದು ಹಾಗೆ.

2011 ಅಂದರೆ ಸಾಮಾನ್ಯ ವರ್ಷವಲ್ಲ. ಸೋಮಾಲಿಯಾದ ಕಡಲ್ಗಳ್ಳರು ಆ ಒಂದೇ ವರ್ಷ 237 ಸಲ ಹಡಗುಗಳ ಮೇಲೆ ಏರಿ ಹೋದರು. ಕಡಲ್ಗಳ್ಳ ಅಂದರೆ ಒಂದು ಕಣ್ಣಿಗೆ ಕಪ್ಪು ಪಟ್ಟಿ, ಭುಜದ ಮೇಲೆ ಗಿಳಿ ಅಂತ ನಮ್ಮ ಮೊಮ್ಮಕ್ಕಳು ತಿಳಿದಿದ್ದರು. ಇವರು ಹಾಗಲ್ಲ. ಒಂದು ಮೀನುಗಾರಿಕೆ ಹಡಗನ್ನು ಮೊದಲು ಕಬಳಿಸಿ, ಅದನ್ನೇ ತಾಯಿ ಹಡಗು ಮಾಡಿಕೊಂಡು ನಡುಸಮುದ್ರಕ್ಕೆ ಬರುತ್ತಾರೆ. ಅಲ್ಲಿಂದ ಸಣ್ಣ ವೇಗದ ದೋಣಿ ಇಳಿಸಿ, ಬಂದೂಕು ಹಿಡಿದು, ಏಣಿ ಹಾಕಿ ದೊಡ್ಡ ಹಡಗು ಹತ್ತುತ್ತಾರೆ. ಸರಕು ಅವರಿಗೆ ಬೇಡ. ಮನುಷ್ಯರು ಬೇಕು. ಒತ್ತೆಯಿಟ್ಟುಕೊಂಡು ಹಡಗಿನ ಮಾಲೀಕರ ಹತ್ತಿರ ಕೋಟಿಗಟ್ಟಲೆ ಹಣ ಕೇಳುತ್ತಾರೆ.

ಅಳಿಯ ರಜೆಗೆ ಬಂದಾಗ ಹಡಗಿನವರು ಏನೇನು ಮಾಡುತ್ತಾರೆಂದು ವಿವರಿಸಿದ. ಅಂಚಿನ ಸುತ್ತ ಮುಳ್ಳುತಂತಿ ಬಿಗಿಯುತ್ತಾರಂತೆ, ಬೆಂಕಿ ಆರಿಸುವ ಪೈಪಿನಿಂದ ನೀರು ಚಿಮ್ಮಿಸುತ್ತಾರಂತೆ. ಹಳೆ ಬಟ್ಟೆಗೆ ಹುಲ್ಲು ತುಂಬಿ ನಮ್ಮ ಹೊಲದ ಬೆದರುಬೊಂಬೆಯಂತೆ ನಿಲ್ಲಿಸುತ್ತಾರಂತೆ, ಕಾವಲುಗಾರರಿದ್ದಾರೆ ಎಂದು ಕಾಣಲಿ ಅಂತ. ಅದನ್ನು ಕೇಳಿ ತಂಗಿ ನಕ್ಕುಬಿಟ್ಟಳು. "ಹಕ್ಕಿ ಓಡಿಸೂದು ಕಲಿಸಿದ್ದು ನಾನೇ" ಅಂದಳು. ಎಲ್ಲವೂ ಕೈಕೊಟ್ಟರೆ ಒಳಗಿನ ಗಟ್ಟಿ ಕೋಣೆಯೊಂದರಲ್ಲಿ ಎಲ್ಲರೂ ಸೇರಿ ಬಾಗಿಲು ಹಾಕಿಕೊಂಡು ನೌಕಾಪಡೆಗೆ ಕಾಯುವುದು. ಇದು ಸುಮ್ಮನೆ ಹೇಳುವ ಮಾತಲ್ಲ. 2024ರ ಜನವರಿಯಲ್ಲಿ 'ಲೀಲಾ ನಾರ್ಫೋಕ್' ಎಂಬ ಹಡಗಿನ 21 ಜನ, ಅವರಲ್ಲಿ 15 ಮಂದಿ ಭಾರತೀಯರು, ಹೀಗೆಯೇ ಬದುಕಿಕೊಂಡರು. ನಮ್ಮ ಐಎನ್‌ಎಸ್ ಚೆನ್ನೈ ಹೋಗಿ ಅವರನ್ನು ಹೊರತಂದಿತು.

"ಸಮುದ್ರದಾಗ ಪೊಲೀಸರು ಇರಂಗಿಲ್ಲೇನು ಮುತ್ಯಾ?" ಎಂದು ಮೊಮ್ಮಗಳು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಆಯಾ ದೇಶದ ನೀರು. ಬಹಳ ದೂರ ಹೋದರೆ ಯಾರದ್ದೂ ಅಲ್ಲದ ಸಮುದ್ರ. ಅಲ್ಲಿ ಕಡಲ್ಗಳ್ಳನನ್ನು ಯಾವ ದೇಶ ಬೇಕಾದರೂ ಹಿಡಿಯಬಹುದು, ತನ್ನ ನ್ಯಾಯಾಲಯಕ್ಕೆ ಒಯ್ಯಬಹುದು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಹಾಗೆನ್ನುತ್ತದೆ. ಯಾರು ಬೇಕಾದರೂ ಹಿಡಿಯಬಹುದು ಅಂದರೆ ಏನಾಗುತ್ತದೆ? ಓಣಿಯ ನಳ ಸೋರುವಾಗ ಏನಾಗುತ್ತದೋ ಅದೇ. ಅನೇಕ ದೇಶಗಳ ನೌಕಾಪಡೆಗಳು ಕಳ್ಳರನ್ನು ಹಿಡಿದು, ಬಂದೂಕು ಕಿತ್ತು ನೀರಿಗೆಸೆದು, ಹೋಗ್ರಪ್ಪಾ ಎಂದು ಬಿಟ್ಟು ಕಳಿಸಿದವು. ವಿಚಾರಣೆಯ ತಾಪತ್ರಯ ಯಾರಿಗೆ ಬೇಕು!

ನಮ್ಮ ದೇಶಕ್ಕೂ ಈ ತೊಂದರೆ ಇತ್ತು. 1999ರಲ್ಲಿ 'ಅಲಾಂಡ್ರಾ ರೇನ್‌ಬೋ' ಎಂಬ ಜಪಾನಿನವರ ಹಡಗನ್ನು ಇಂಡೋನೇಷ್ಯಾ ಹತ್ತಿರ ಕದ್ದು, ಬಣ್ಣ ಬಳಿದು, ಹೆಸರು ಬದಲಿಸಿದರು. ಸಿಬ್ಬಂದಿಯನ್ನು ತೆಪ್ಪದಲ್ಲಿ ಕೂರಿಸಿ ಸಮುದ್ರಕ್ಕೆ ಬಿಟ್ಟರು. ಪುಣ್ಯಕ್ಕೆ ಅವರನ್ನು ಥಾಯ್ ಮೀನುಗಾರರು ಕಾಪಾಡಿದರು. ನಮ್ಮ ಕರಾವಳಿ ಕಾವಲು ಪಡೆ, ನೌಕಾಪಡೆ ಅರಬ್ಬಿ ಸಮುದ್ರದಲ್ಲಿ ಆ ಹಡಗನ್ನು ಅಟ್ಟಿಸಿಕೊಂಡು ಹೋಗಿ ಹಿಡಿದವು. ಮುಂಬಯಿಯ ಕೆಳ ನ್ಯಾಯಾಲಯ ಏಳು ವರ್ಷ ಶಿಕ್ಷೆ ಕೊಟ್ಟಿತು, 2005ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. ಕಡಲ್ಗಳ್ಳತನ ಅಂದರೇನು ಎಂದು ಹೇಳುವ ಕಾಯ್ದೆಯೇ ನಮ್ಮಲ್ಲಿ ಆಗ ಇರಲಿಲ್ಲ. ಅದು ಬಂದದ್ದು 2022ರ ಡಿಸೆಂಬರಿನಲ್ಲಿ, ಸಂಸತ್ತು ಕಡಲ್ಗಳ್ಳತನ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಾಗ. ಇಪ್ಪತ್ತಮೂರು ವರ್ಷ ಹಿಡಿಯಿತು. ನನಗದು ಬಹಳವೇ ಅನ್ನಿಸುತ್ತದೆ.

ಬಯಲುಸೀಮೆಯ ರಾಜ್ಯವೊಂದು ಕಡಲ್ಗಳ್ಳರ ಮೇಲೆ ದಂಡೆತ್ತಿ ಹೋದ ಕಥೆ ನಮ್ಮಲ್ಲೇ ಇದೆ. ಕಲಬುರಗಿಯಲ್ಲಿ 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯ ಆಮೇಲೆ ಬೀದರಿಗೆ ರಾಜಧಾನಿ ಸಾಗಿಸಿತು. ಕಲಬುರಗಿ, ಕಮಲಾಪುರ, ಹುಮನಾಬಾದ್, ಬೀದರ್ ಎಂದು ಇವತ್ತಿಗೂ ನಾವು ಬಸ್ಸಿನಲ್ಲಿ ಹೋಗುವುದಿಲ್ಲವೇ, ಆ ಬೀದರಿಗೆ. ಅಲ್ಲಿನ ಮಂತ್ರಿ ಮಹಮೂದ್ ಗವಾನ್, ಬೀದರಿನ ಮದರಸಾ ಕಟ್ಟಿಸಿದವನು. ಕೊಂಕಣದ ಖೇಲ್ಣಾ, ಸಂಗಮೇಶ್ವರದ ಪಾಳೆಯಗಾರರು ವ್ಯಾಪಾರಿಗಳ, ಹಜ್ ಯಾತ್ರಿಕರ ಹಡಗು ಸುಲಿಯುತ್ತಾರೆಂದು ಅವನು ಸೈನ್ಯ ತೆಗೆದುಕೊಂಡು ಹೋದ. ಕೋಟೆಗಳನ್ನು ಗೆದ್ದ. ಹಾಗೇ ಮುಂದೆ ಹೋಗಿ 1472ರಲ್ಲಿ ವಿಜಯನಗರದವರ ಗೋವೆಯನ್ನೂ ತೆಗೆದುಕೊಂಡ! ಕಳ್ಳರನ್ನು ಹಿಡಿಯಲು ಹೋದವರು ಬಂದರನ್ನೇ ಹಿಡಿದುಕೊಂಡು ಬಂದರು. ಹೊನ್ನಾವರದ ತಿಮ್ಮಯ್ಯನನ್ನು ನೋಡಿ. ಪೋರ್ಚುಗೀಸರು ಅವನನ್ನು ಕಡಲ್ಗಳ್ಳ ಎಂದೇ ಬರೆದರು, 1510ರಲ್ಲಿ ಗೋವೆ ಗೆಲ್ಲಲು ಅವನ ಸಹಾಯವನ್ನೇ ಪಡೆದರು. ಅದಕ್ಕೇ ಯಾವುದೋ ಒಂದು ದೊಡ್ಡ ದೇಶ 'ನಾನೊಬ್ಬನೇ ಸಮುದ್ರ ಕಾಯುತ್ತೇನೆ' ಅಂದರೆ ನನಗೆ ಸ್ವಲ್ಪ ಅನುಮಾನ. ಹಲವು ದೇಶಗಳು ಒಟ್ಟಿಗೆ, ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕಾಯುವುದೇ ವಾಸಿ. 2008ರಿಂದ ಏಡನ್ ಕೊಲ್ಲಿಯಲ್ಲಿ ನಡೆದದ್ದು ಬಹುಮಟ್ಟಿಗೆ ಅದೇ. ಭಾರತ, ಚೀನಾ, ಯುರೋಪಿನವರು, ಅಮೆರಿಕದವರು ಎಲ್ಲರೂ ಅಲ್ಲಿ ಇದ್ದರು.

ಹಡಗಿನ ಮೇಲೆ ಬಂದೂಕಿನವರನ್ನು ಇಟ್ಟರೆ ಸಾಲದೇ ಎನ್ನುವವರಿದ್ದಾರೆ. ಅದರಿಂದ ಉಪಯೋಗವಾದದ್ದು ನಿಜ. ಆದರೆ 2012ರ ಫೆಬ್ರವರಿ 15ರಂದು ಕೇರಳದ ಕಡಲಲ್ಲಿ 'ಎನ್ರಿಕಾ ಲೆಕ್ಸಿ' ಎಂಬ ಇಟಲಿಯ ಹಡಗಿನಲ್ಲಿದ್ದ ಸೈನಿಕರು ಕಡಲ್ಗಳ್ಳರೆಂದು ತಿಳಿದು ಗುಂಡು ಹಾರಿಸಿದರು. ಸತ್ತವರು ಮೀನು ಹಿಡಿಯಲು ಹೋಗಿದ್ದ ಇಬ್ಬರು ಬಡವರು. ಇಟಲಿ ಹತ್ತು ಕೋಟಿ ರೂಪಾಯಿ ಪರಿಹಾರ ಕಟ್ಟಿ, 2021ರಲ್ಲಿ ಸುಪ್ರೀಂ ಕೋರ್ಟು ಇಲ್ಲಿನ ಮೊಕದ್ದಮೆ ಮುಗಿಸುವವರೆಗೆ ಒಂಬತ್ತು ವರ್ಷ ಆ ಮನೆಗಳು ಕಾದವು.

ಕಾಯುವುದೆಂದರೆ ನೆನಪಾಗುವುದು 'ಆಸ್ಫಾಲ್ಟ್ ವೆಂಚರ್'. 2010ರ ಸೆಪ್ಟೆಂಬರಿನಲ್ಲಿ ಸಿಕ್ಕಿಬಿದ್ದ ಆ ಹಡಗಿನಲ್ಲಿ 15 ಜನ, ಎಲ್ಲರೂ ಭಾರತೀಯರು. 2011ರ ಏಪ್ರಿಲಿನಲ್ಲಿ ಹಣ ಕೊಟ್ಟದ್ದಾಯಿತು. ಕಳ್ಳರು ಎಂಟು ಜನರನ್ನು ಬಿಟ್ಟು ಏಳು ಜನರನ್ನು ಇಟ್ಟುಕೊಂಡರು. ಭಾರತದ ಜೈಲಿನಲ್ಲಿರುವ ನಮ್ಮವರನ್ನು ಬಿಡಿ, ಆಮೇಲೆ ಇವರನ್ನು ಬಿಡುತ್ತೇವೆ ಎಂದರು. ಸರ್ಕಾರ ಒಪ್ಪಲಿಲ್ಲ. ಒಪ್ಪಿದ್ದರೆ ಮುಂದೆ ಭಾರತದ ಯಾವ ನಾವಿಕನಿಗೂ ಉಳಿಗಾಲ ಇರುತ್ತಿರಲಿಲ್ಲ ಎಂದು ನಾನು ತಂಗಿಗೆ ಹೇಳಿದೆ. ಅವಳು, "ಆ ತಾಯಂದಿರ ಮುಂದ ಹೋಗಿ ಹೇಳು ಅಣ್ಣಾ" ಅಂದಳು. ಏಳೂ ಜನ ಬಿಡುಗಡೆಯಾದದ್ದು 2014ರ ಅಕ್ಟೋಬರಿನಲ್ಲಿ. ಸರ್ಕಾರ ಗಟ್ಟಿಯಾಗಿ ನಿಲ್ಲಬೇಕು ಅನ್ನುವುದು ಇಂದಿಗೂ ನನ್ನ ಅಭಿಪ್ರಾಯ. ಆದರೆ ಹಾಗೆ ನಿಲ್ಲುವ ಸರ್ಕಾರ ಆ ಮನೆಗಳಿಗೆ ಸಂಬಳ ನಿಲ್ಲದಂತೆ, ತಿಂಗಳಿಗೊಮ್ಮೆಯಾದರೂ ಸುದ್ದಿ ಸಿಗುವಂತೆ ನೋಡಿಕೊಳ್ಳಲೇಬೇಕು.

ಈಗ ಕಳ್ಳರ ಕಡೆಯ ಮಾತು. ಕಮಲಾಪುರದವರಿಗೆ ಇದು ಬೇಗ ಅರ್ಥವಾದೀತು. ಸೋಮಾಲಿಯಾ ಒಂದು ಕಾಲದಲ್ಲಿ ಬಾಳೆಹಣ್ಣಿನ ದೇಶ. ಶಬೇಲೆ, ಜುಬಾ ನದಿಗಳ ದಂಡೆಯ ತೋಟಗಳಿಂದ ಇಟಲಿಗೆ ಹಡಗು ತುಂಬಿ ಹೋಗುತ್ತಿತ್ತು. 1991ರಲ್ಲಿ ಸರ್ಕಾರ ಬಿದ್ದು ಅಂತರ್ಯುದ್ಧ ಶುರುವಾಯಿತು, ಬಾಳೆಯ ವ್ಯಾಪಾರ ಹಾಳಾಯಿತು. ತೋಟಗಳಿದ್ದದ್ದು ದಕ್ಷಿಣದಲ್ಲಿ, ಕಡಲ್ಗಳ್ಳರು ಹೆಚ್ಚಾಗಿ ಈಶಾನ್ಯದ ಕರಾವಳಿಯವರು. ಬಾಳೆ ಬೆಳೆದವರೇ ಕಳ್ಳರಾದರು ಎಂದು ತಿಳಿಯಬೇಡಿ. ಕರಾವಳಿಯಲ್ಲಿ ಬೇರೆ ಕಥೆ. ಕಾಯುವವರಿಲ್ಲದ ನೀರಿಗೆ ಹೊರದೇಶಗಳ ದೊಡ್ಡ ಟ್ರಾಲರುಗಳು ನುಗ್ಗಿ ಮೀನು ಬಾಚಿಕೊಂಡು ಹೋದವು. ಮೀನುಗಾರರು ಸಿಟ್ಟಿನಿಂದ ಬಂದೂಕು ಹಿಡಿದರು, ಆಮೇಲೆ ಸಿಟ್ಟು ಹೋಗಿ ದಂಧೆ ಉಳಿಯಿತು. ದುಡ್ಡು ಹಾಕುವ ಸಾಹುಕಾರರು ದಡದಲ್ಲೇ ಕೂತರು. ದೋಣಿಯಲ್ಲಿ ಹೋಗಿ ಸಿಕ್ಕಿಬೀಳುವವರು ಹುಡುಗರು.

ಹುಡುಗರು ಎಂದದ್ದು ಸುಮ್ಮನೆ ಅಲ್ಲ. 2011ರ ಮಾರ್ಚಿನಲ್ಲಿ ನಮ್ಮ ನೌಕಾಪಡೆ 'ವೆಗಾ 5' ಎಂಬ ಮೊಜಾಂಬಿಕ್‌ನ ಮೀನುಗಾರಿಕೆ ಹಡಗನ್ನು ಬಿಡಿಸಿ 61 ಕಡಲ್ಗಳ್ಳರನ್ನು ಹಿಡಿಯಿತು. ಅವರಲ್ಲಿ ಅನೇಕರಿಗೆ ಹದಿನೈದು ತುಂಬಿಲ್ಲ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಆ ಸಾಲಿನಲ್ಲಿ ಹಿಡಿದ ನೂರಕ್ಕೂ ಹೆಚ್ಚು ಜನರಿಗೆ ಮುಂಬಯಿಯಲ್ಲಿ ಶಿಕ್ಷೆಯಾದದ್ದು 2017ರಲ್ಲಿ. ಏಳು ವರ್ಷದ ಶಿಕ್ಷೆ, ಅದರಲ್ಲಿ ಆರು ವರ್ಷ ಆಗಲೇ ಜೈಲಿನಲ್ಲಿ ಕಳೆದಿತ್ತು. ಕಾಯ್ದೆ ಬಂದ ಮೇಲೆ, 2024ರ ಮಾರ್ಚಿನಲ್ಲಿ, ಐಎನ್‌ಎಸ್ ಕೋಲ್ಕತಾ 'ರುಯೆನ್' ಎಂಬ ಹಡಗನ್ನು ಸುಮಾರು 40 ಗಂಟೆ ಬೆನ್ನಟ್ಟಿ ತಡೆಯಿತು. ವಿಮಾನದಿಂದ ಕಮಾಂಡೋಗಳು ಸಮುದ್ರಕ್ಕೆ ಇಳಿದರು. 35 ಕಳ್ಳರು ಶರಣಾದರು, 17 ನಾವಿಕರಲ್ಲಿ ಒಬ್ಬರಿಗೂ ಪ್ರಾಣಾಪಾಯವಾಗಲಿಲ್ಲ. ಅವತ್ತು ಮೊಮ್ಮಗ ಟಿವಿ ಮುಂದೆ ಕುಣಿದಾಡಿದ.

ಕುಣಿದು ಮುಗಿದ ಮೇಲೆ ಅವನಿಗೆ ವೆಗಾ ಹಡಗಿನ ಹುಡುಗರ ಸಂಗತಿ ಹೇಳಿದೆ. ಅವನಿಗೂ ಆಗ ಹದಿಮೂರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಸಾಲಿ ಯಾರು ಬಂದ್ ಮಾಡಿದ್ರು ಮುತ್ಯಾ?" ಎಂದು ಕೇಳಿದ. ಯುದ್ಧ ಮಾಡಿದವರು, ಮೀನು ಕದ್ದವರು, ದೋಣಿಗೆ ದುಡ್ಡು ಹಾಕಿದವರು ಎಂದು ನಾನು ಒಬ್ಬೊಬ್ಬರನ್ನೇ ಎಣಿಸಿದೆ. "ಮತ್ತ ಅವರನ್ಯಾರೂ ಹಿಡಿಲಿಲ್ಲೇನು?" ಅಂದ.

ಒಬ್ಬನನ್ನು ಹಿಡಿದರು ಎಂದೆ. ಅಫ್ವೇನೆ ಎಂದು ಕರೆಯುತ್ತಿದ್ದ ಸೋಮಾಲಿ ಕಡಲ್ಗಳ್ಳರ ನಾಯಕನೊಬ್ಬನಿಗೆ, ಅವನ ಬದುಕಿನ ಮೇಲೆ ಸಿನಿಮಾ ತೆಗೆಯುತ್ತೇವೆಂದು ಆಸೆ ತೋರಿಸಿ, 2013ರಲ್ಲಿ ಬೆಲ್ಜಿಯಂಗೆ ಕರೆಸಿಕೊಂಡು ವಿಮಾನ ನಿಲ್ದಾಣದಲ್ಲೇ ಬಂಧಿಸಿದರು. ಇಪ್ಪತ್ತು ವರ್ಷ ಶಿಕ್ಷೆಯಾಯಿತು. ಮೊಮ್ಮಗ ಬಿದ್ದು ಬಿದ್ದು ನಕ್ಕ. ನಗು ನಿಂತ ಮೇಲೆ, "ಒಬ್ಬನೇ ಏನು?" ಎಂದು ಮತ್ತೆ ಕೇಳಿದ.