ಹುಳು ಬಿಟ್ಟುಕೊಟ್ಟ ಪಡಸಾಲೆ

ಶಿಡ್ಲಘಟ್ಟದ ಕಡೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮನೆಯ ಅತ್ಯುತ್ತಮ ಜಾಗ ಮನೆಯವರದಾಗಿರಲಿಲ್ಲ. ಅದು ಹುಳುವಿನದಾಗಿತ್ತು. ಪಡಸಾಲೆಯ ಉದ್ದಕ್ಕೂ ಬಿದಿರಿನ ಸ್ಟ್ಯಾಂಡು, ಅದರಲ್ಲಿ ಒಂದರ ಮೇಲೊಂದು ತಟ್ಟೆ, ತಟ್ಟೆಯ ತುಂಬ ಹಿಪ್ಪುನೇರಳೆ ಸೊಪ್ಪು ಮೇಯುವ ರೇಷ್ಮೆ ಹುಳು. ಮನೆಯವರು ಮೂಲೆಯಲ್ಲೋ ಜಗುಲಿಯ ಮೇಲೋ ಮಲಗುತ್ತಿದ್ದರು. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ತಿನ್ನುವ ಸದ್ದು ರಾತ್ರಿಯಿಡೀ ಸೋನೆ ಮಳೆಯಂತೆ ಕೇಳುತ್ತಿತ್ತು. ಆ ಮಳೆಯ ಪಕ್ಕದಲ್ಲೇ ಕೂತು ಎಸ್ಸೆಸ್ಸೆಲ್ಸಿಗೆ ಓದಿದ ಹುಡುಗರು ಈಗ ತಲೆ ನರೆತ ಅಪ್ಪಂದಿರಾಗಿದ್ದಾರೆ.

ಬಹಳಷ್ಟು ಮನೆಗಳಲ್ಲಿ ಈಗ ಆ ಹುಳು ಹೊರಗೆ ಹೋಗಿದೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಅದನ್ನು ತಡೆಯಲು ಕಿಟಕಿ ಬಾಗಿಲಿಗೆಲ್ಲ ಬಲೆ ಬೇಕಾಯಿತು. ಆಮೇಲೆ ದ್ವಿತಳಿ ಹುಳು ಬಂತು, ಸೊಪ್ಪು ಕೊಯ್ದು ಹಾಕುವ ಬದಲು ರೆಂಬೆಯನ್ನೇ ಹಾಸುವ ಪದ್ಧತಿ ಬಂತು, ಸರ್ಕಾರದ ಸಹಾಯಧನವೂ ಬಂತು. ತೋಟದ ಬದಿಯಲ್ಲಿ ಹುಳು ಮನೆಗಳು ಪ್ರತ್ಯೇಕವಾಗಿ ಎದ್ದವು. ಹೀಗೆ ತಲೆಮಾರುಗಳ ನಂತರ ಮನೆಯವರ ಕೈಗೆ ತಮ್ಮದೇ ಪಡಸಾಲೆ ಬಂತು. ಅದರಲ್ಲಿ ಏನಿಡಬೇಕು ಎಂಬುದು ಯಾರಿಗೂ ಅಭ್ಯಾಸವಿಲ್ಲದ ಪ್ರಶ್ನೆ.

ಉತ್ತರ ಬೇರೆ ಕಡೆಯಿಂದ ಬಂತು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಮರು ವರ್ಷ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಬೆಂಗಳೂರು ಪಕ್ಕದ ಮನೆಯಷ್ಟು ಹತ್ತಿರವಾಯಿತು. ಈಗ ಚಿಂತಾಮಣಿಯ ಬಡಗಿಯೂ ಗೌರಿಬಿದನೂರಿನ ಪೇಂಟರೂ ಅಳತೆ ಪಟ್ಟಿಗೆ ಮೊದಲು ಮೊಬೈಲನ್ನೇ ಜೇಬಿನಿಂದ ತೆಗೆಯುತ್ತಾರೆ. ಚಿತ್ರಗಳಿಗೆ ಬರವಿಲ್ಲ. ಅವು ಯಾವ ಊರಿನವು, ಅಲ್ಲಿ ಬಿಸಿಲೆಷ್ಟು, ಧೂಳೆಷ್ಟು ಎಂದು ಯಾರೂ ಕೇಳುವುದಿಲ್ಲ. ಎಲ್ಲರೂ ಮೆಚ್ಚುವ ಆ ಅಚ್ಚ ಬಿಳಿಯ ಸ್ವೀಡನ್ ಮಾದರಿಯ ಕೋಣೆಯನ್ನೇ ನೋಡಿ. ಚಳಿಗಾಲದಲ್ಲಿ ಕೆಲವೇ ಗಂಟೆ ಬೆಳಕು ಕಾಣುವ ನಾಡಿನವರು ಇದ್ದ ಬೆಳಕನ್ನು ಹಿಡಿದಿಡಲು ಕಂಡುಕೊಂಡ ಉಪಾಯ ಅದು. ಅವರು ತಮ್ಮ ಆಕಾಶ ನೋಡಿ ಮನೆ ಸಿಂಗರಿಸಿಕೊಂಡರು. ನಾವು ಮಾತ್ರ ಅವರ ಆಕಾಶವನ್ನೇ ತಂದು ಅಂಟಿಸಿಕೊಳ್ಳುತ್ತೇವೆ.

ಶಿಡ್ಲಘಟ್ಟ ತಾಲ್ಲೂಕಿನ ಒಂದು ಮನೆ ಎಂದುಕೊಳ್ಳಿ. ಹೆಸರು ಬೇಡ, ಅಂಥವು ಊರಿಗೆ ಹತ್ತು ಸಿಕ್ಕುತ್ತವೆ. ಅಪ್ಪ ಎರಡು ಬೆಳೆ ಗೂಡಿನ ದುಡ್ಡು ಕೂಡಿಟ್ಟಿದ್ದಾರೆ. ಯಲಹಂಕದ ನೆಂಟರ ಅಪಾರ್ಟ್‌ಮೆಂಟ್ ನೋಡಿ ಬಂದ ದಿನದಿಂದ ಪಡಸಾಲೆಗೆ ಪಿಒಪಿ ಸೀಲಿಂಗ್, ಗೋಡೆಯಗಲದ ಟಿವಿ ಯೂನಿಟ್, ಗಾಜಿನ ಶೋಕೇಸು ಆಗಲೇಬೇಕೆಂಬ ಹಟ ಹಿಡಿದಿದ್ದಾರೆ. ಮಗಳು ದ್ವಿತೀಯ ಪಿಯುಸಿ, ವಿಜ್ಞಾನ. ಅವಳು ಓದುವುದು ದಿವಾನದ ಮೇಲೆ ಕಾಲು ಮಡಚಿಕೊಂಡು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಟಿವಿಗೆ ಬೆನ್ನು ಹಾಕಿ. ತಮ್ಮನ ಹೋಂವರ್ಕ್ ನೆಲದ ಮೇಲೆ. ಬಡಗಿ ಬರೆದುಕೊಟ್ಟ ಪಟ್ಟಿಯಲ್ಲಿ ಅವಳು ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದ ಕಪ್ಪಿಗೆ ಗಾಜಿನ ಬೀರುವಿದೆ, ಅವಳಿಗೆ ಮೇಜಿಲ್ಲ.

ಅಪ್ಪನನ್ನು ದೂರಿ ಪ್ರಯೋಜನವಿಲ್ಲ. ಇಷ್ಟು ವರ್ಷ ಹುಳುವಿನ ಜೊತೆ ಬದುಕಿದ ಮನುಷ್ಯನಿಗೆ ಬಂದವರು ಕೂತು ಕಣ್ಣರಳಿಸುವಂಥ ಒಂದು ಕೋಣೆ ಬೇಕೆನಿಸುವುದು ಸಹಜ. ಆದರೆ ಒಳಾಂಗಣ ವಿನ್ಯಾಸದ ಪಾಠ ಅವರ ಮನೆಯಲ್ಲೇ ಆಗಿಹೋಗಿದೆ ಎಂಬುದನ್ನು ಅವರು ಗಮನಿಸಿದಂತಿಲ್ಲ. ಅವರ ಹೆಂಡತಿಯನ್ನು ಕೇಳಿದರೆ ಬೆರಳು ಮಡಚದೆ ಹೇಳುತ್ತಾರೆ, ಏಕೆಂದರೆ ಸೊಪ್ಪು ಹಾಕಿದ ಕೈ ಹೆಚ್ಚಾಗಿ ಅವರದೇ.

ಹುಳುವಿಗೆ ಏನೇನು ಬೇಕಿತ್ತು? ಚಾಕಿ ಹಂತದಲ್ಲಿ 26ರಿಂದ 28 ಡಿಗ್ರಿ ಶಾಖ, ದೊಡ್ಡದಾದ ಮೇಲೆ 24-25. ಅದನ್ನು ನೋಡಲು ಗೋಡೆಗೆ ಉಷ್ಣಮಾಪಕ ನೇತುಹಾಕಬೇಕು. ಎದುರುಬದುರು ಕಿಟಕಿ ಬೇಕು. ಬಿಸಿ ಗಾಳಿ ಮೇಲೇರುವುದರಿಂದ ಅದು ಹೊರಹೋಗಲು ಸೂರಿನ ಕೆಳಗೆ ಕಿಂಡಿ ಬೇಕು. ನೇರ ಬಿಸಿಲು ಬೀಳಕೂಡದು, ಕತ್ತಲೂ ಕೂಡದು. ಬೆಳೆ ಇಡುವ ಮುಂಚೆ ಸುಣ್ಣ, ಬ್ಲೀಚಿಂಗ್ ಪುಡಿ. ಹಾಸಿಗೆಯನ್ನು ಹೊತ್ತುಹೊತ್ತಿಗೆ ತೆಗೆದು ಚೊಕ್ಕಟ ಮಾಡಬೇಕು. ಬೀಡಿ ಸೇದಿದವರು ಒಳಗೆ ಬರುವಂತಿಲ್ಲ, ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಹೊಸ ಬಣ್ಣದ ವಾಸನೆಯೂ ಆಗದು. 25ರಿಂದ 28 ದಿನದ ಅತಿಥಿಗೆ ಇಷ್ಟೆಲ್ಲ ಉಪಚಾರ! ಹದಿನೆಂಟು ವರ್ಷ ಆ ಮನೆಯಲ್ಲೇ ಬೆಳೆಯುವ ಮಗುವಿಗೆ ಇದರಲ್ಲಿ ಕಾಲು ಭಾಗ ಸಿಕ್ಕರೂ ಅದು ಒಳ್ಳೆಯ ಮನೆ.

ಈಗ ಬಡಗಿಯ ಪಟ್ಟಿಯನ್ನು ಹುಳುವಿನ ಕಣ್ಣಿಂದ ನೋಡಬಹುದು. ಪಿಒಪಿ ಸೀಲಿಂಗ್ ತಾರಸಿಯ ಕಾವನ್ನು ಸ್ವಲ್ಪ ತಡೆಯುತ್ತದೆ, ಅದು ನಿಜ. ಆದರೆ ಹತ್ತಡಿ ಎತ್ತರದ ಕೋಣೆಯಲ್ಲಿ ಅರ್ಧ-ಮುಕ್ಕಾಲು ಅಡಿ ಕೆಳಗಿಳಿದು ಸೂರಿನ ಕಿಂಡಿಯನ್ನು ಮುಚ್ಚಿಬಿಟ್ಟರೆ ಬಿಸಿ ಗಾಳಿ ಹೋಗುವುದೆಲ್ಲಿಗೆ? ಗೋಡೆಯಗಲದ ಟಿವಿ ಯೂನಿಟ್ಟಿಗೆ ಜಾಗ ಮಾಡಲು ಪೂರ್ವದ ಕಿಟಕಿಯೊಂದನ್ನು ಮುಚ್ಚುವ ಸಲಹೆಯೂ ಪಟ್ಟಿಯಲ್ಲಿತ್ತು. ಹುಳುವಿದ್ದ ಕಾಲದಲ್ಲಿ ಆ ಮಾತು ಎತ್ತಿದ್ದರೆ ಬಡಗಿಯನ್ನು ಹೊಸ್ತಿಲಿಂದಾಚೆಗೆ ಕಳಿಸುತ್ತಿದ್ದರು.

ಇನ್ನೊಂದು ಸಂಗತಿ ಎಲ್ಲ ಪೋಷಕರೂ ತಿಳಿಯಬೇಕಾದದ್ದು. ಹುಳು ಮನೆಯ ಸೋಂಕು ಕಳೆಯಲು ರೈತರು ಫಾರ್ಮಲಿನ್ ಸಿಂಪಡಿಸುವುದುಂಟು. ಫಾರ್ಮಲಿನ್ ಎಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್ ಅನಿಲ. ಸಿಂಪಡಿಸಿ ಬಾಗಿಲು ಮುಚ್ಚಿ, ಆಮೇಲೆ ತೆರೆದು, ಕಣ್ಣುರಿಯುವ ವಾಸನೆ ಪೂರ್ತಿ ಹೋಗುವ ತನಕ ಗಾಳಿಯಾಡಿಸಿಯೇ ಹುಳು ತರುತ್ತಾರೆ. ಅಗ್ಗದ ಪ್ಲೈವುಡ್, ಪಾರ್ಟಿಕಲ್ ಬೋರ್ಡು, ಎಂಡಿಎಫ್ ಹಲಗೆಗಳನ್ನು ಅಂಟಿಸುವ ರಾಳದಿಂದ ಹೊರಬರುವುದೂ ಇದೇ ಫಾರ್ಮಾಲ್ಡಿಹೈಡ್. ಹೊಸ ಬೀರು ತೆರೆದಾಗ ಮೂಗಿಗೆ ಬಡಿಯುವ ಘಾಟಿಗೆ ಬಹುಮಟ್ಟಿಗೆ ಅದೇ ಕಾರಣ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹೆದರಿ ಮನೆಯ ಹಲಗೆಯನ್ನೆಲ್ಲ ಬೀದಿಗೆ ಎಸೆಯಬೇಕಾಗಿಲ್ಲ. ಕಡಿಮೆ ಅನಿಲ ಬಿಡುವ ದರ್ಜೆಯ ಹಲಗೆಗಳಿವೆ, ಕೇಳಿ ಕೊಳ್ಳಬಹುದು. ಕೆಲಸ ಮುಗಿದ ಮೇಲೆ ಕೆಲವು ವಾರ ಕಿಟಕಿ ತೆರೆದಿಡಬಹುದು. ಹುಳು ಮನೆಗೆ ತೋರಿಸುವ ತಾಳ್ಮೆಯನ್ನು ಮಗು ಮಲಗುವ ಕೋಣೆಗೂ ತೋರಿಸಿದರಾಯಿತು. ಗೃಹಪ್ರವೇಶದ ರಾತ್ರಿಯೇ ಹೊಸ ವಾರ್ಡ್‌ರೋಬಿನ ಪಕ್ಕದಲ್ಲಿ ಕಿಟಕಿ ಮುಚ್ಚಿ ಮಕ್ಕಳನ್ನು ಮಲಗಿಸುವ ಅವಸರ ಯಾಕೆ?

ಹಲಗೆ ಬೇಡವಾದರೆ ಕಲ್ಲಿದೆ. ಈ ಸೀಮೆಯಲ್ಲಿ ಕಲ್ಲಿಗೆ ಬಡತನವಿಲ್ಲ. ಅಂಬಾಜಿ ದುರ್ಗ, ಕೈಲಾಸಗಿರಿಯ ಬಂಡೆಗಳನ್ನು ನೋಡುತ್ತ ಬೆಳೆದ ಚಿಂತಾಮಣಿಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಡೆ ಸೀಳಿ ತೆಗೆದ ಚಪ್ಪಡಿಯೇ ಹಳೆಯ ಮನೆಗಳ ಮಾಳಿಗೆ, ಅದೇ ಜಗುಲಿ, ಅದೇ ಬಚ್ಚಲ ಹಾಸು. ದ್ರಾಕ್ಷಿ ಚಪ್ಪರಕ್ಕೂ ಇಲ್ಲಿ ಕಲ್ಲಿನ ಕಂಬ. ಮದನಪಲ್ಲಿ ದಾರಿಯಾಚೆಯ ಕಡಪದಿಂದ ಬರುವ ಕಪ್ಪು ಕಲ್ಲು ಅಡಿಗೆಮನೆಯ ಷೆಲ್ಫಾಗಿ ಎಲ್ಲರಿಗೂ ಪರಿಚಿತ. ನಾಲ್ಕಡಿ ಉದ್ದ, ಎರಡಡಿ ಅಗಲದ ಒಂದು ಕಡಪ ಚಪ್ಪಡಿಯನ್ನು ಕಿಟಕಿಯ ಬದಿಯಲ್ಲಿ ಎರಡು ಇಟ್ಟಿಗೆ ಗೋಡೆಗಳ ಮೇಲೆ, ನೆಲದಿಂದ 28-30 ಅಂಗುಲ ಎತ್ತರದಲ್ಲಿ ಕೂರಿಸಿದರೆ ಓದುವ ಮೇಜು ಸಿದ್ಧ. ಗೆದ್ದಲು ಮುಟ್ಟುವುದಿಲ್ಲ, ಘಾಟಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಅಲುಗುವುದಿಲ್ಲ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡಗಡೆಯಿಂದ ಬರುವಂತೆ ಇರಲಿ, ಎಡಚರಿಗೆ ಬಲಗಡೆಯಿಂದ. ಇಲ್ಲದಿದ್ದರೆ ಬರೆಯುವ ಕೈಯ ನೆರಳೇ ಅಕ್ಷರದ ಮೇಲೆ ಬೀಳುತ್ತದೆ.

ಹತ್ತಿರದ ಸಾಮಗ್ರಿಯಿಂದ ಮನೆ ಕಟ್ಟಬೇಕೆಂಬುದು ಹೊಸ ವಿಚಾರವೇನಲ್ಲ. ಆದರ್ಶ ಹಳ್ಳಿಯ ಮನೆ ಸುತ್ತಲಿನ ಐದು ಮೈಲಿಯೊಳಗೆ ಸಿಗುವ ವಸ್ತುಗಳಿಂದಲೇ ಆಗಬೇಕೆಂದು ಗಾಂಧೀಜಿ ಹೇಳುತ್ತಿದ್ದರು. ಇಂಗ್ಲೆಂಡಿನಿಂದ ಬಂದು ಕೇರಳದಲ್ಲಿ ನೆಲೆಸಿದ ವಾಸ್ತುಶಿಲ್ಪಿ ಲಾರಿ ಬೇಕರ್ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು 2007ರಲ್ಲಿ ತೀರಿಕೊಳ್ಳುವವರೆಗೂ ಅಗ್ಗದ, ಅಂದದ ಮನೆಗಳನ್ನು ಕಟ್ಟಿದರು. ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಅವರು ಎಬ್ಬಿಸಿದ ಜಾಲರಿ ಗೋಡೆಗಳು ಬಹಳ ಹೆಸರಾದವು. ಗಾಂಧೀಜಿಯವರು 1927ರಲ್ಲಿಯೂ 1936ರಲ್ಲಿಯೂ ಆರೋಗ್ಯ ಸುಧಾರಿಸಿಕೊಳ್ಳಲು ತಂಗಿದ್ದ ನಂದಿ ಬೆಟ್ಟದ ಬುಡದಲ್ಲೇ ಅಂಥ ಜಾಲರಿಯ ಸಾವಿರ ವರ್ಷ ಹಿಂದಿನ ಮಾದರಿ ಇದೆ. ಅದೇ ಭೋಗನಂದೀಶ್ವರ ದೇವಾಲಯದ ಜಾಲಂಧ್ರ. ಇಡೀ ಕಲ್ಲನ್ನು ಕೊರೆದು ನರ್ತಿಸುವ ಶಿವನನ್ನು ಮೂಡಿಸಿ, ಆ ಕೆತ್ತನೆಯ ಸಂದಿಯಿಂದಲೇ ಗಾಳಿ ಬೆಳಕು ಒಳಬರುವಂತೆ ಮಾಡಿದ್ದಾರೆ. ಅಲಂಕಾರ ಬೇರೆ, ಉಪಯೋಗ ಬೇರೆ ಎಂದು ಆ ಶಿಲ್ಪಿಗೆ ಯಾರೂ ಹೇಳಿರಲಿಲ್ಲ. ಭಾನುವಾರ ನಂದಿಗೆ ಹೋದವರು ಕಡಲೆಕಾಯಿ ತಿಂದು ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಮನೆ ಕಟ್ಟಿಸುತ್ತಿರುವವರು ಆ ಕಿಟಕಿಯ ಮುಂದೆ ಐದು ನಿಮಿಷ ನಿಲ್ಲಬೇಕು. ಕಲ್ಲಿನಲ್ಲಿ ಕೆತ್ತಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಸಿಮೆಂಟಿನ ಜಾಲರಿ ಇಟ್ಟಿಗೆ ಸಣ್ಣ ಊರಿನಲ್ಲೂ ಸಿಗುತ್ತದೆ. ಮೆಟ್ಟಿಲ ಪಕ್ಕದ ಗೋಡೆಗೆ ಹತ್ತು ಹದಿನೈದು ಕೂರಿಸಿದರೆ ಬೆಳಗಿನ ಬಿಸಿಲು ನೆಲದ ಮೇಲೆ ತಾನೇ ರಂಗೋಲಿ ಹಾಕುತ್ತದೆ.

ಅದೇ ನಂದಿಯ ನೆರೆಯ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ ಸ್ಮಾರಕವಾಗಿ ಉಳಿದಿದೆ. ಅವರು ಬೀದಿ ದೀಪದಡಿ ಓದಿದರೆಂಬ ಕಥೆಯನ್ನು ಮಕ್ಕಳಿಗೆ ಹೇಳದ ತಂದೆ ತಾಯಿ ಈ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಮಕ್ಕಳು ಛಲ ಕಲಿಯಲೆಂದು ಹೇಳುವ ಕಥೆ ಅದು. ಎರಡು ಲಕ್ಷದ ಶೋಕೇಸು ಮಾಡಿಸಿ ಮಗಳು ಮೇಜು ಕೇಳಿದಾಗ ಅದೇ ಕಥೆ ಎತ್ತಿದರೆ ಮಾತ್ರ ಅದು ವಿಶ್ವೇಶ್ವರಯ್ಯನವರಿಗೆ ಮಾಡುವ ಅನ್ಯಾಯ.

ಸರಳತೆ ಬೇರೆ, ಕೊರತೆ ಬೇರೆ. ಈ ವ್ಯತ್ಯಾಸ ಬಲ್ಲವರಿಗೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ನೆನಪಾಗುತ್ತಾರೆ. 1920ರಲ್ಲಿ ಹುಟ್ಟಿದ ಅವರು ಹೈಸ್ಕೂಲು ಓದಲು ಊರಿನಿಂದ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಅಮೆರಿಕದ ಒಹಾಯೊದಲ್ಲಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ವಾಸ ಮಾತ್ರ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿ ನಿಲಯದ ಒಂದು ಕೋಣೆಯಲ್ಲೇ. 2005ರಲ್ಲಿ ತೀರಿಕೊಳ್ಳುವವರೆಗೂ ಅವರ ಮನೆಯೆಂದರೆ ಅದೇ. ಬೇಕಾದದ್ದೆಲ್ಲ ಇತ್ತು, ಬೇಡವಾದದ್ದು ಇರಲಿಲ್ಲ. ಒಳಾಂಗಣದ ಪಾಠಕ್ಕೆ ಆ ಕೋಣೆಯೂ ಸಲ್ಲುತ್ತದೆ.

ಹಾಗೆಂದು ಎಲ್ಲರೂ ಸನ್ಯಾಸಿಗಳಂತೆ ಬದುಕಬೇಕಾಗಿಲ್ಲ. ಹಬ್ಬ ಹರಿದಿನ, ನೆಂಟರು ಇಷ್ಟರಿರುವ ಮನೆಗೆ ಚೆಂದ ಬೇಕು. ಅದೂ ಅಟ್ಟದ ಮೇಲೆಯೇ ಬಿದ್ದಿರುತ್ತದೆ. ಪ್ಲಾಸ್ಟಿಕ್ಕಿನ ಚಂದ್ರಿಕೆ ಬಂದ ಮೇಲೆ ಬಿದಿರಿನ ಚಂದ್ರಿಕೆಗಳು ಮೂಲೆ ಸೇರಿವೆ. ಆರಡಿಗೆ ನಾಲ್ಕಡಿಯ ಚಾಪೆಯ ಮೇಲೆ ಸುತ್ತುಸುತ್ತಾಗಿ ನಿಲ್ಲಿಸಿದ ಬಿದಿರ ಪಟ್ಟಿಯ ಆ ಸುರುಳಿ, ಹಣ್ಣಾದ ಹುಳು ಗೂಡು ಕಟ್ಟಲೆಂದು ಮಾಡಿದ್ದು. ಧೂಳು ಕೊಡವಿ, ಬಿಸಿಲಿಗಿಟ್ಟು, ಒಂದು ಕೈ ವಾರ್ನಿಷ್ ಕೊಟ್ಟು ಎರಡನ್ನು ಅಕ್ಕಪಕ್ಕ ನಿಲ್ಲಿಸಿದರೆ ಪಡಸಾಲೆಯನ್ನು ಎರಡು ಮಾಡುವ ತೆರೆಯಾಗುತ್ತದೆ. ಈಚೆಗೆ ಟಿವಿ, ಆಚೆಗೆ ಮೇಜು. ಸದ್ದು ಪೂರ್ತಿ ನಿಲ್ಲದು, ಕಣ್ಣಿಗೆ ಮಾತ್ರ ಮರೆ. ಸದ್ದಿಗೆ ಟಿವಿಯ ಗುಂಡಿಯೇ ಮದ್ದು. ಬೀಜಕ್ಕೆ ಬಳಸಿ ತೂತಾದ ಗೂಡುಗಳು ನೂಲಿಗೆ ಬಾರವು. ಅವನ್ನು ಕತ್ತರಿಸಿ ಪೋಣಿಸಿದ ಹಾರಗಳನ್ನು ಸನ್ಮಾನ ಸಮಾರಂಭಗಳಲ್ಲಿ ಎಲ್ಲರೂ ಕಂಡಿದ್ದಾರೆ. ಅದೇ ಹಾರ ಬಾಗಿಲಿಗೆ ತೋರಣವಾದರೆ ಊರಿನ ಗುರುತೂ ಆಯಿತು. ರಜೆಯಲ್ಲಿ ಮಕ್ಕಳ ಕೈಗೆ ಕತ್ತರಿ ಕೊಟ್ಟರೆ ಅವರೇ ಮಾಡಿಯಾರು.

ಇನ್ನು ಬಣ್ಣ. ಸುಣ್ಣದ ಬಿಳಿಯೋ ತಿಳಿ ಹಳದಿಯೋ ಬಂದ ಬೆಳಕಿನ ಹೆಚ್ಚಿನ ಪಾಲನ್ನು ಕೋಣೆಗೇ ಹಿಂತಿರುಗಿಸುತ್ತದೆ. ಮೊಬೈಲಿನಲ್ಲಿ ಮೋಹಕವಾಗಿ ಕಾಣುವ ಕಡು ಮರೂನು, ಬೂದು ಬಣ್ಣಗಳು ಬೆಳಕು ಕುಡಿದು ಕೂರುತ್ತವೆ, ಹಗಲಲ್ಲೂ ಟ್ಯೂಬ್‌ಲೈಟು ಬೇಡುತ್ತವೆ. ಆಸೆ ತಡೆಯದವರು ಒಂದು ಗೋಡೆಗೆ ಬಳಿಸಿಕೊಳ್ಳಲಿ, ಮೇಜಿನ ಎದುರಿನ ಗೋಡೆಗೆ ಮಾತ್ರ ಬೇಡ.

ಬಳಿಸುವುದು ಯಾವಾಗ ಎಂಬುದನ್ನೂ ಯೋಚಿಸಬೇಕು. ಯುಗಾದಿಗೆ ಮನೆ ಹೊಸದಾಗಿ ಕಾಣಲೆಂದು ಫೆಬ್ರುವರಿ ಕೊನೆಗೆ ಏಣಿ ಹಾಕುವುದು ಈ ಕಡೆ ಅಪರೂಪವಲ್ಲ. ಪರೀಕ್ಷೆಗಳೂ ಅದೇ ಹೊತ್ತಿಗೆ. ಪುಸ್ತಕದ ಮೂಟೆ ಮಂಚದಡಿಗೆ ಹೋಗುತ್ತದೆ, ಮಗು ಬಣ್ಣದ ವಾಸನೆಯಲ್ಲಿ ತಲೆನೋವೆಂದು ಪಕ್ಕದ ಮನೆಯ ಜಗುಲಿ ಹುಡುಕುತ್ತದೆ. ಆ ಪಿಯುಸಿ ಹುಡುಗಿಯ ತಾಯಿ ಈ ವಿಷಯದಲ್ಲಿ ಖಡಾಖಂಡಿತವಾಗಿದ್ದಾರೆ. ಹುಳುವಿಗೆ ಜ್ವರ ಕೂತಾಗ ತಟ್ಟೆ ಅಲುಗಿಸುವುದಿಲ್ಲ, ಸೊಪ್ಪೂ ಹಾಕುವುದಿಲ್ಲ, ಸುಮ್ಮನೆ ಬಿಡುತ್ತಾರೆ. ಪೇಂಟರಿಗೆ ಏಪ್ರಿಲ್ ಕಳೆದ ಮೇಲೆ ಬರಲು ಹೇಳಿಯಾಗಿದೆ. ಕಡಪ ಚಪ್ಪಡಿ ಮಾತ್ರ ಈ ವಾರವೇ ಬರುತ್ತದೆ. ಪೂರ್ವದ ಕಿಟಕಿ ಮುಚ್ಚುವುದಿಲ್ಲ. ಟಿವಿ ಯೂನಿಟ್ಟಿನ ಅಳತೆಯ ಬಗ್ಗೆ ಗಂಡ ಹೆಂಡಿರ ಮಾತುಕತೆ ಇನ್ನೂ ನಡೆಯುತ್ತಿದೆ.